ಶಾಲೆಗೆ ದೇಣಿಗೆ ತರುವ ಹುದ್ದೆ: ಕ್ರೈಸ್ತ ಶಾಲೆಯೊಂದು ನಿಧಿ ಸಂಗ್ರಹ ಅಧಿಕಾರಿಯನ್ನು ನೇಮಿಸುವ ಮುನ್ನ ತಿಳಿಯಬೇಕಾದದ್ದು

ಕರ್ನಾಟಕದ ಹಳೆಯ ಕ್ರೈಸ್ತ ಶಾಲೆಗಳಲ್ಲಿ ಹಲವು ತಮ್ಮ ಶತಮಾನೋತ್ಸವವನ್ನು ಆಚರಿಸಿ ಮುಗಿಸಿವೆ. ಉತ್ಸವದ ಭಾಷಣಗಳು ಮುಗಿದ ಮೇಲೆ ಉಳಿಯುವುದು ಖರ್ಚಿನ ಲೆಕ್ಕ. ಹೆಂಚಿನ ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿರುತ್ತದೆ, ಪ್ರಯೋಗಾಲಯ ಹೆಸರಿಗೆ ಮಾತ್ರ ಇರುತ್ತದೆ. ಅನುದಾನಿತ ಶಾಲೆಯಾದರೆ, ನಿವೃತ್ತರಾದ ಶಿಕ್ಷಕರ ಜಾಗ ತುಂಬಲು ಸರ್ಕಾರದ ಅನುಮೋದನೆ ಸಿಗುವುದು ವರ್ಷಗಟ್ಟಲೆ ತಡವಾಗುವುದರಿಂದ, ಆಡಳಿತ ಮಂಡಳಿಯೇ ಗೌರವಧನ ಕೊಟ್ಟು ಶಿಕ್ಷಕರನ್ನು ಇಟ್ಟುಕೊಳ್ಳಬೇಕಾಗುತ್ತದೆ. ಅನುದಾನರಹಿತ ಶಾಲೆಯಾದರೆ ಪ್ರತಿಯೊಂದು ಸಂಬಳವೂ ಶುಲ್ಕದಿಂದಲೇ ಹುಟ್ಟಬೇಕು. ಶುಲ್ಕ ಏರಿಸಿದರೆ ಯಾವ ಮಕ್ಕಳಿಗಾಗಿ ಶಾಲೆ ತೆರೆಯಲಾಗಿತ್ತೋ ಅವರೇ ಹೊರಗುಳಿಯುತ್ತಾರೆ. ಇಂಥ ಹೊತ್ತಿನಲ್ಲಿ ಮಂಡಳಿಯ ಸಭೆಯಲ್ಲಿ ಯಾರಾದರೊಬ್ಬರು "ದೇಣಿಗೆ ತರುವುದಕ್ಕೇ ಒಬ್ಬರನ್ನು ನೇಮಿಸಿದರೆ ಹೇಗೆ?" ಎಂದು ಕೇಳುತ್ತಾರೆ.

ಕೇಳುವುದು ಸುಲಭ. ಆದರೆ ಆ ಹುದ್ದೆ ಏನು, ಆ ವ್ಯಕ್ತಿ ದಿನವಿಡೀ ಏನು ಮಾಡುತ್ತಾರೆ, ಕಾನೂನು ಎಷ್ಟಕ್ಕೆ ಅವಕಾಶ ಕೊಡುತ್ತದೆ, ನೇಮಿಸಿದ ಮೇಲೆ ಶಾಲೆಯ ಕಡೆಯಿಂದ ಏನು ಸಿಗಬೇಕು ಎಂಬುದು ಹೆಚ್ಚಿನ ಆಡಳಿತ ಮಂಡಳಿಗಳಿಗೆ ಹೊಸ ವಿಷಯ. ಪೋಷಕರಿಗೆ, ಹಳೆ ವಿದ್ಯಾರ್ಥಿಗಳಿಗೆ ಇನ್ನೂ ಹೊಸದು. ಹಾಗಾಗಿ ಬುಡದಿಂದಲೇ ಶುರುಮಾಡುವುದು ಒಳ್ಳೆಯದು.

ಹಿಂದೆ ಹಣ ಎಲ್ಲಿಂದ ಬರುತ್ತಿತ್ತು

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅವರು ತೆರೆದ ಶಾಲೆಗಳಿಗೆ ಬೇಕಾದ ಹಣದಲ್ಲಿ ದೊಡ್ಡ ಪಾಲು ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಾಧಾರಣ ಕುಟುಂಬಗಳಿಂದ ಬರುತ್ತಿತ್ತು. ಅಲ್ಲಿ 'ಅರ್ಧ ಬಾಟ್ಸೆನ್ ಸಂಗ್ರಹ' ಎಂಬ ವ್ಯವಸ್ಥೆಯಿತ್ತು: ಬಾಟ್ಸೆನ್ ಎಂಬುದು ಅಲ್ಲಿನ ಚಿಲ್ಲರೆ ನಾಣ್ಯ, ಮಿಷನ್ನಿನ ಬೆಂಬಲಿಗರು ವಾರಕ್ಕೆ ಅದರ ಅರ್ಧದಷ್ಟನ್ನು ತೆಗೆದಿಡುತ್ತಿದ್ದರು, ಗೊತ್ತುಮಾಡಿದ ಸಂಗ್ರಾಹಕರು ಮನೆಮನೆಗೆ ಹೋಗಿ ಅದನ್ನು ಒಟ್ಟುಮಾಡುತ್ತಿದ್ದರು. ಅಂದರೆ ನಿಧಿ ಸಂಗ್ರಹಕ್ಕೆಂದೇ ಜನರನ್ನು ಗೊತ್ತುಮಾಡುವುದು ಮಿಷನ್ ಶಾಲೆಗಳ ಮಟ್ಟಿಗೆ ಹೊಸ ಕಲ್ಪನೆಯಲ್ಲ. ಆ ಕೆಲಸ ಆಗ ಸಮುದ್ರದಾಚೆ ನಡೆಯುತ್ತಿದ್ದುದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಮತ್ತು ಮಿಷನ್ನಿನ ನೇಯ್ಗೆ ಕಾರ್ಖಾನೆಗಳು ಮತಾಂತರಗೊಂಡವರಿಗೆ ಕೆಲಸವನ್ನೂ ಮಿಷನ್ನಿಗೆ ಆದಾಯವನ್ನೂ ಕೊಟ್ಟವು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಆ ಉದ್ಯಮಗಳನ್ನು ವಶಪಡಿಸಿಕೊಂಡಿತು, ಆ ಆದಾಯವೂ ಕೈತಪ್ಪಿತು.

ಕ್ಯಾಥೋಲಿಕ್ ಶಾಲೆಗಳಿಗೆ ಇನ್ನೊಂದು ಆಸರೆಯಿತ್ತು, ಅದು ಯಾವ ದೇಣಿಗೆ ಪುಸ್ತಕದಲ್ಲಿಯೂ ದಾಖಲಾಗುತ್ತಿರಲಿಲ್ಲ. ಪಾಠ ಮಾಡುವ ಫಾದರ್‌ಗಳು, ಸಿಸ್ಟರ್‌ಗಳು ತಮ್ಮ ಸಂಬಳವನ್ನು ತಮ್ಮ ಸಭೆಯ, ಅಂದರೆ ತಾವು ಸೇರಿದ ಸನ್ಯಾಸಿ ಸಂಘದ, ಮಠಕ್ಕೆ ಒಪ್ಪಿಸುತ್ತಿದ್ದರು. ಆ ಹಣದಲ್ಲಿ ಒಂದು ಭಾಗ ಮತ್ತೆ ಶಾಲೆಗೋ ಅದರ ಹಾಸ್ಟೆಲ್ಲಿಗೋ ಬರುತ್ತಿತ್ತು. ಇಂದು ಫಾದರ್‌ಗಳಾಗಲು, ಕನ್ಯಾಸ್ತ್ರೀಯರಾಗಲು ಮುಂದೆ ಬರುವವರು ಕಡಿಮೆ. ಸಂಸಾರಸ್ಥ ಶಿಕ್ಷಕರಿಗೆ ಪೂರ್ತಿ ಸಂಬಳ, ಭವಿಷ್ಯ ನಿಧಿ, ಉಪದಾನ (ಗ್ರಾಚ್ಯುಟಿ) ಎಲ್ಲವನ್ನೂ ಕೊಡಬೇಕು, ಕೊಡಲೇಬೇಕು. ಹೀಗೆ ಮೂರು ಹಳೆಯ ಆಧಾರಗಳು, ಅಂದರೆ ವಿದೇಶಿ ಮಿಷನ್, ಸ್ವಂತ ಉದ್ಯಮ ಮತ್ತು ಸಭೆಯ ಸದಸ್ಯರ ಬಿಟ್ಟಿ ಸೇವೆ, ಒಂದೊಂದಾಗಿ ಸವೆದಿವೆ. ಹೊಸ ಹುದ್ದೆಯ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಈ ಅಧಿಕಾರಿ ಮಾಡುವ ಕೆಲಸವೇನು

ನಿಧಿ ಸಂಗ್ರಹ ಅಧಿಕಾರಿ ಎಂದರೆ ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತುವವರು ಎಂಬ ಚಿತ್ರ ಮನಸ್ಸಿಗೆ ಬರುವುದು ಸಹಜ. ವಾಸ್ತವದಲ್ಲಿ ಅವರ ಸಮಯದ ಬಹುಪಾಲು ಕೇಳುವುದಕ್ಕಲ್ಲ, ಕೇಳುವ ಮೊದಲು ಮತ್ತು ಕೊಟ್ಟ ನಂತರದ ಕೆಲಸಕ್ಕೆ ಹೋಗುತ್ತದೆ. ಹಳೆಯ ದಾಖಲಾತಿ ಪುಸ್ತಕಗಳಿಂದ ಹಳೆ ವಿದ್ಯಾರ್ಥಿಗಳನ್ನು ಹುಡುಕುವುದು, ಅವರ ಈಗಿನ ವಿಳಾಸ ಪಡೆಯುವುದು, ಶಾಲೆಯ ಅಗತ್ಯವನ್ನು ಅಂಕಿಅಂಶ ಸಹಿತ ಎರಡು ಪುಟದಲ್ಲಿ ಬರೆದಿಡುವುದು, ಕಂಪನಿಗಳಿಗೆ ಯೋಜನಾ ವರದಿ ಸಲ್ಲಿಸುವುದು, ಬಂದ ಹಣಕ್ಕೆ ತಡಮಾಡದೆ ರಶೀದಿ ಮತ್ತು ಧನ್ಯವಾದ ಕಳುಹಿಸುವುದು, ಆರು ತಿಂಗಳ ನಂತರ ಆ ಹಣದಿಂದ ಏನಾಯಿತೆಂದು ದಾನಿಗೆ ತಿಳಿಸುವುದು, ಇವೆಲ್ಲ ಆ ಹುದ್ದೆಯ ದೈನಂದಿನ ಕೆಲಸಗಳು.

ಕ್ರೈಸ್ತ ಶಾಲೆಗಳಲ್ಲಿ ಈ ಹುದ್ದೆಗೆ ಇನ್ನೊಂದು ಮಹತ್ವವಿದೆ, ಅದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತಕ್ಕೆ ಒಳಪಟ್ಟ ಪ್ರದೇಶದ) ಅಥವಾ ಸಭೆಯ ಶಾಲೆಗಳಲ್ಲಿ ಸಂಚಾಲಕರು, ಪ್ರಾಂಶುಪಾಲರು ಕೆಲವೇ ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ. ಒಬ್ಬ ಫಾದರ್ ಹತ್ತಾರು ಕುಟುಂಬಗಳೊಂದಿಗೆ ಬೆಳೆಸಿದ ಬಾಂಧವ್ಯ ಅವರೊಂದಿಗೇ ಹೊಸ ಊರಿಗೆ ಹೊರಟುಹೋಗುತ್ತದೆ; ಮುಂದೆ ಬಂದವರಿಗೆ ಯಾರು ಯಾವ ವರ್ಷ ಏನು ಕೊಟ್ಟರು, ಯಾರಿಗೆ ಏನೆಂದು ಮಾತು ಕೊಡಲಾಗಿದೆ ಎಂಬುದೇ ಗೊತ್ತಿರುವುದಿಲ್ಲ. ಹತ್ತು ವರ್ಷ ಒಂದೇ ಕಡೆ ಇರುವ ನಿಧಿ ಸಂಗ್ರಹ ಅಧಿಕಾರಿ ಶಾಲೆಯ ನೆನಪಾಗಿ ಕೆಲಸ ಮಾಡುತ್ತಾರೆ. ದೇಣಿಗೆಯ ಮೊತ್ತಕ್ಕಿಂತ ಇದೇ ಈ ನೇಮಕದ ದೊಡ್ಡ ಲಾಭವೆಂದರೂ ತಪ್ಪಾಗದು.

ಕೇಳುವುದು ಸರಿಯೇ ಎಂಬ ಸಂಕೋಚ

ಹಲವು ಆಡಳಿತ ಮಂಡಳಿಗಳಲ್ಲಿ ಮೊದಲ ಅಡ್ಡಿ ಹಣದ್ದಲ್ಲ, ಮನಸ್ಸಿನದು. ದೇವರ ಕೆಲಸಕ್ಕೆ ದೇವರೇ ಒದಗಿಸುತ್ತಾನೆ, ನಾವು ಕೈಚಾಚಬಾರದು ಎಂಬ ಭಾವನೆ ಪ್ರಾಮಾಣಿಕವಾದುದು, ಅದಕ್ಕೆ ಇತಿಹಾಸವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮ್ಯುಲ್ಲರ್ ಯಾರ ಬಳಿಯೂ ನೇರವಾಗಿ ಹಣ ಕೇಳದೆ, ಪ್ರಾರ್ಥನೆಯನ್ನೇ ನೆಚ್ಚಿಕೊಂಡು ಸಾವಿರಾರು ಮಕ್ಕಳನ್ನು ಸಾಕಿದರು. ಆದರೆ ಅವರ ಉದಾಹರಣೆ ಕೊಡುವವರು ಒಂದು ಅಂಶವನ್ನು ಬಿಟ್ಟುಬಿಡುತ್ತಾರೆ: ಅವರು ಸಂಸ್ಥೆಯ ಆದಾಯ ವೆಚ್ಚದ ವರದಿಯನ್ನು ವರ್ಷ ವರ್ಷವೂ ಅಚ್ಚುಹಾಕಿಸಿ ಹಂಚುತ್ತಿದ್ದರು. ಕೇಳದಿದ್ದವರು ಕೂಡ ಲೆಕ್ಕ ಕೊಡುವುದನ್ನು ಬಿಟ್ಟಿರಲಿಲ್ಲ.

ಇನ್ನೊಂದು ಕಡೆ, ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳು ಜೆರುಸಲೇಮಿನ ಬಡವರಿಗಾಗಿ ನಡೆದ ಚಂದಾ ಸಂಗ್ರಹದ ಕುರಿತೇ ಇವೆ. ಅಲ್ಲಿ ಪೌಲನು ಸಂಕೋಚವಿಲ್ಲದೆ ಕೇಳುತ್ತಾನೆ, ಆದರೆ ಹಣವನ್ನು ಒಬ್ಬನೇ ಮುಟ್ಟುವುದಿಲ್ಲ. ತನ್ನ ಸಹಾಯಕನಾದ ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರರನ್ನೂ ಕಳುಹಿಸಿ, ಯಾರೂ ತಪ್ಪು ಹೊರಿಸದಂತೆ ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾಗಿ ನಡೆಯಬೇಕೆನ್ನುತ್ತಾನೆ. ಮಿಜೋರಾಂನ ಸಭೆಗಳಲ್ಲಿ ಹೆಂಗಸರು ಪ್ರತಿ ಅಡುಗೆಯ ಹೊತ್ತಿನಲ್ಲಿ ಒಂದು ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ, ನಮ್ಮ ಕರಾವಳಿಯ ಚರ್ಚುಗಳಲ್ಲಿ ಬೆಳೆ ಹಬ್ಬದ ದಿನ ಕಾಣಿಕೆಯ ಬಾಳೆಗೊನೆ, ತೆಂಗಿನಕಾಯಿ, ಕೋಳಿಗಳನ್ನು ಏಲಂ ಹಾಕುವ ರೂಢಿ, ಇವೂ ನಿಧಿ ಸಂಗ್ರಹವೇ. ಹೊಸ ಹುದ್ದೆ ಇದನ್ನೇ ವರ್ಷವಿಡೀ, ಬರವಣಿಗೆಯ ದಾಖಲೆಯೊಂದಿಗೆ, ಸಭೆಯ ಹೊರಗಿನವರ ಬಳಿಯೂ ನಡೆಸುತ್ತದೆ.

ಕ್ಯಾಥೋಲಿಕ್ ಶಾಲೆಗಳಿಗೆ ಧರ್ಮಸಭೆಯ ಕಾನೂನಿನ ನಿಯಮಗಳೂ ಇವೆ. 1265ನೆಯ ವಿಧಿಯ ಪ್ರಕಾರ, ಧರ್ಮಸಭೆಯ ಸಂಸ್ಥೆಯೊಂದರ ಹೆಸರಿನಲ್ಲಿ ಖಾಸಗಿ ವ್ಯಕ್ತಿ ಅಥವಾ ಸಂಘ ಸಾರ್ವಜನಿಕರಿಂದ ಹಣ ಎತ್ತಬೇಕಾದರೆ ತನ್ನ ಮೇಲಧಿಕಾರಿ ಮತ್ತು ಆ ಸ್ಥಳದ ಧರ್ಮಾಧಿಕಾರಿ (ಸಾಮಾನ್ಯವಾಗಿ ಬಿಷಪ್) ಇಬ್ಬರ ಲಿಖಿತ ಅನುಮತಿ ಬೇಕು. 1267ನೆಯ ವಿಧಿ, ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕೆನ್ನುತ್ತದೆ. ಆದ್ದರಿಂದ ಹಳೆ ವಿದ್ಯಾರ್ಥಿ ಸಂಘವು ಉತ್ಸಾಹದಿಂದ ತಾನೇ ಚಂದಾ ಎತ್ತಲು ಹೊರಡುವ ಮೊದಲು ಬಿಷಪರ ಕಚೇರಿಯ ಪತ್ರ ಕೈಯಲ್ಲಿರಬೇಕು.

ಯಾವ ಹಣ ತರಬಹುದು, ಯಾವುದನ್ನು ತರಬಾರದು

ಈ ಭಾಗ ಸ್ವಲ್ಪ ದೀರ್ಘವಾಗಿರುವುದು ಅನಿವಾರ್ಯ. ನಿಧಿ ಸಂಗ್ರಹದಲ್ಲಿ ಶಾಲೆಗಳು ತೊಂದರೆಗೆ ಸಿಲುಕುವುದು ಬಹುತೇಕ ಇಲ್ಲಿಯೇ.

ಮೊದಲನೆಯದು, ಪ್ರವೇಶಕ್ಕೆ ತಳಕು ಹಾಕಿದ ದೇಣಿಗೆ. ಕರ್ನಾಟಕದಲ್ಲಿ 1984ರಿಂದಲೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಇದೆ. 1992ರಲ್ಲಿ ಮೋಹಿನಿ ಜೈನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ವಸೂಲಿಯನ್ನು ಕಟುವಾಗಿ ಟೀಕಿಸಿತು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ ನಿಜ. ಆದರೆ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಹಕ್ಕನ್ನು ಎತ್ತಿಹಿಡಿಯುತ್ತಲೇ, ಶಿಕ್ಷಣ ಲಾಭಕೋರತನಕ್ಕೆ ದಾರಿಯಾಗಬಾರದು, ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂದೂ ಹೇಳಿತು. ಹೀಗಾಗಿ ನಿಧಿ ಸಂಗ್ರಹ ಅಧಿಕಾರಿಯ ಮೇಜು ಪ್ರವೇಶಾತಿ ಕೊಠಡಿಯಿಂದ ದೂರವಿರಬೇಕು. ಹೊಸದಾಗಿ ಸೇರಲು ಬಂದಿರುವ ಮಗುವಿನ ತಂದೆತಾಯಿಯರ ಬಳಿ ದೇಣಿಗೆಯ ಪ್ರಸ್ತಾಪವನ್ನೇ ಮಾಡಬಾರದು ಎಂದು ಮಂಡಳಿ ಬರೆದಿಡುವುದು ಕ್ಷೇಮ.

ಎರಡನೆಯದು ಆದಾಯ ತೆರಿಗೆ. ಶಾಲೆ ನಡೆಸುವ ಟ್ರಸ್ಟ್ ಅಥವಾ ಸೊಸೈಟಿಗೆ ಆದಾಯ ತೆರಿಗೆ ಕಾಯ್ದೆಯ 12ಎಬಿ ಸೆಕ್ಷನ್ನಿನ ನೋಂದಣಿ ಇದ್ದರೆ ಅದರ ಆದಾಯಕ್ಕೆ ವಿನಾಯಿತಿ. 80ಜಿ ಅನುಮೋದನೆಯೂ ಇದ್ದರೆ ಕೊಡುವವರಿಗೆ ತಮ್ಮ ತೆರಿಗೆಯಲ್ಲಿ ರಿಯಾಯಿತಿ. ಸಾಮಾನ್ಯವಾಗಿ ಕೊಟ್ಟ ಮೊತ್ತದ ಶೇ. 50ರಷ್ಟನ್ನು, ನಿಗದಿತ ಮಿತಿಗೆ ಒಳಪಟ್ಟು, ದಾನಿ ತನ್ನ ಆದಾಯದಿಂದ ಕಳೆಯಬಹುದು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಈ ಸೌಲಭ್ಯವಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ದಾನಿಗೆ 80ಜಿ ಪ್ರಯೋಜನವೇ ಸಿಗುವುದಿಲ್ಲ. ಇದನ್ನು ಮರೆಮಾಚಿ "ತೆರಿಗೆ ಉಳಿಯುತ್ತದೆ" ಎಂದು ಹೇಳಿ ಹಣ ಪಡೆದರೆ ಮುಂದಿನ ವರ್ಷ ಆ ದಾನಿಯ ಮುಖ ನೋಡುವುದು ಕಷ್ಟ. ಆದಾಯ ತೆರಿಗೆಯ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಸೆಕ್ಷನ್ ಸಂಖ್ಯೆಗಳನ್ನು ಬದಲಿಸಿದೆ, ಆದರೂ ಬಳಕೆಯ ಮಾತಿನಲ್ಲಿ ಹಳೆಯ ಸಂಖ್ಯೆಗಳೇ ಉಳಿದಿವೆ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ನಿರ್ದಿಷ್ಟ ಧಾರ್ಮಿಕ ಸಮುದಾಯದ ಹಿತಕ್ಕಾಗಿಯೇ ಇರುವ ಸಂಸ್ಥೆಗೆ 80ಜಿ ಅನುಮೋದನೆ ಸಿಗುವುದಿಲ್ಲ, ಮತ್ತು ಅನುಮೋದನೆ ಪಡೆದ ಸಂಸ್ಥೆ ತನ್ನ ಆದಾಯದ ಶೇ. 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಖರ್ಚು ಮಾಡುವಂತಿಲ್ಲ. ಚರ್ಚಿನ ಖಾತೆ ಮತ್ತು ಶಾಲೆಯ ಖಾತೆ ಬೇರೆಬೇರೆ ಇರಬೇಕೆಂದು ಲೆಕ್ಕ ಪರಿಶೋಧಕರು ಒತ್ತಿ ಹೇಳುವುದು ಇದಕ್ಕಾಗಿ. ತರಗತಿ ಕೊಠಡಿಗೆಂದು ಬಂದ ಹಣದಲ್ಲಿ ಪಕ್ಕದ ಪ್ರಾರ್ಥನಾಲಯದ ಗೋಡೆಗೆ ಬಣ್ಣ ಹೊಡೆಸುವುದು ಒಂದೇ ಆವರಣದೊಳಗಿನ ಸಣ್ಣ ವಿಷಯದಂತೆ ಕಂಡರೂ ಕಾನೂನಿನ ಕಣ್ಣಿನಲ್ಲಿ ಅದು ಬೇರೆ ಉದ್ದೇಶ.

ಹೆಸರಿಲ್ಲದ ದೇಣಿಗೆಯೂ ಶಾಲೆಗೆ ದುಬಾರಿಯಾದೀತು. ಕೊಟ್ಟವರ ಹೆಸರು, ವಿಳಾಸದ ದಾಖಲೆಯಿಲ್ಲದ ಮೊತ್ತ ಒಂದು ಲಕ್ಷ ರೂಪಾಯಿ ಅಥವಾ ಒಟ್ಟು ದೇಣಿಗೆಯ ಶೇ. 5, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ. 30ರ ತೆರಿಗೆ ಬೀಳುತ್ತದೆ. ಪೂರ್ತಿ ಧಾರ್ಮಿಕವಾದ ಟ್ರಸ್ಟಿಗೆ ಈ ನಿಯಮದಿಂದ ವಿನಾಯಿತಿಯಿದೆ. ಶಾಲೆಗೆಂದು ಕೊಟ್ಟ ಹಣಕ್ಕೆ ಇಲ್ಲ. ವಾರ್ಷಿಕೋತ್ಸವದ ದಿನ ಗೇಟಿನ ಬಳಿ ಯುಪಿಐ ಕ್ಯೂಆರ್ ಫಲಕ ನಿಲ್ಲಿಸುವವರು, ಅದರ ಪಕ್ಕದಲ್ಲೇ ಹೆಸರು, ವಿಳಾಸ, ಪಾನ್ ಸಂಖ್ಯೆ ಬರೆದುಕೊಳ್ಳುವ ಪುಸ್ತಕ ಇಟ್ಟು ಒಬ್ಬರನ್ನು ಕೂರಿಸಬೇಕಾದದ್ದು ಇದಕ್ಕೆ.

ವಿದೇಶದಲ್ಲಿರುವ ಹಳೆ ವಿದ್ಯಾರ್ಥಿಗಳು

ಕರಾವಳಿಯ ಶಾಲೆಗಳ ಹಳೆ ವಿದ್ಯಾರ್ಥಿಗಳಲ್ಲಿ ದೊಡ್ಡ ಸಂಖ್ಯೆ ಕೊಲ್ಲಿ ದೇಶಗಳಲ್ಲಿದೆ, ಬೆಂಗಳೂರಿನ ಶಾಲೆಗಳವರು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿದ್ದಾರೆ. ಮಂಡಳಿಯ ಕಣ್ಣು ಮೊದಲು ಹೋಗುವುದು ಅವರ ಕಡೆಗೇ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಇಲ್ಲಿ ನೋಡುವುದು ಹಣ ಎಲ್ಲಿಂದ ಬಂತು ಎಂಬುದಕ್ಕಿಂತ ಕೊಟ್ಟವರು ಯಾವ ದೇಶದ ಪ್ರಜೆ ಎಂಬುದನ್ನು.

ದುಬೈಯಲ್ಲಿ ಕೆಲಸ ಮಾಡುವ, ಭಾರತದ ಪಾಸ್‌ಪೋರ್ಟ್ ಇರುವ ಹಳೆ ವಿದ್ಯಾರ್ಥಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ವಂತಿಗೆಯಲ್ಲ. ಅದೇ ತರಗತಿಯಲ್ಲಿ ಪಕ್ಕದಲ್ಲಿ ಕೂತು ಓದಿದ ಗೆಳೆಯ ಅಮೆರಿಕದ ಪೌರತ್ವ ಪಡೆದಿದ್ದರೆ ಅವರು ಕೊಟ್ಟದ್ದು ವಿದೇಶಿ ವಂತಿಗೆ. ಅವರ ಕೈಯಲ್ಲಿ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ಅಷ್ಟೆ, ರಜೆಯಲ್ಲಿ ಊರಿಗೆ ಬಂದು ರೂಪಾಯಿಯಲ್ಲಿಯೇ ಕೊಟ್ಟರೂ ಅಷ್ಟೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಸ್ವೀಕರಿಸುವಂತಿಲ್ಲ. ಆದ್ದರಿಂದ ಹಳೆ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಪೌರತ್ವಕ್ಕೊಂದು ಅಂಕಣ ಇರಲೇಬೇಕು, ಮತ್ತು ಅದನ್ನು ಮುಜುಗರವಿಲ್ಲದೆ ಕೇಳಲು ಅಧಿಕಾರಿಗೆ ಗೊತ್ತಿರಬೇಕು.

ಸೆಪ್ಟೆಂಬರ್ 2020ರ ತಿದ್ದುಪಡಿ ಈ ಕಾಯ್ದೆಯನ್ನು ಇನ್ನಷ್ಟು ಬಿಗಿಗೊಳಿಸಿತು. ನೋಂದಾಯಿತ ಸಂಸ್ಥೆಗಳೆಲ್ಲ ವಿದೇಶಿ ವಂತಿಗೆಯನ್ನು ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ವಂತಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ಪೂರ್ತಿ ನಿಷೇಧಿಸಲಾಯಿತು. ಕ್ರೈಸ್ತ ಶಾಲೆಗಳಿಗೆ ಹೆಚ್ಚು ತಟ್ಟಿದ್ದು ಈ ಕೊನೆಯ ನಿಯಮ. ಹಿಂದೆ ಧರ್ಮಪ್ರಾಂತ್ಯದ ಅಥವಾ ಸಭೆಯ ಕೇಂದ್ರ ಸೊಸೈಟಿ ಹಣ ಪಡೆದು ಹಳ್ಳಿಯ ಶಾಲೆಗಳಿಗೆ ಹಂಚುತ್ತಿತ್ತು. ಈಗ ಹಳ್ಳಿಯ ಶಾಲೆ ಬೇರೆ ಟ್ರಸ್ಟಿನ ಹೆಸರಿನಲ್ಲಿದ್ದರೆ ಹಾಗೆ ಹಂಚುವಂತಿಲ್ಲ. ಈ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ನಿಧಿ ಸಂಗ್ರಹ ಅಧಿಕಾರಿಯ ಸಂಬಳವನ್ನು ವಿದೇಶಿ ವಂತಿಗೆಯಿಂದ ಕೊಡುವ ಯೋಚನೆಯಿದ್ದರೆ ಅದೂ ಆಡಳಿತ ವೆಚ್ಚದ ಮಿತಿಯನ್ನು ತಿನ್ನುತ್ತದೆ ಎಂಬುದನ್ನು ಮರೆಯಬಾರದು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ಇಷ್ಟು ಸಾಕು: 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಕಾರ್ಯಕ್ಕೆ ತೆಗೆದಿಡಬೇಕು, ಶಿಕ್ಷಣ ಆ ಪಟ್ಟಿಯಲ್ಲಿದೆ. ಕಂಪನಿಯ ಪರವಾಗಿ ಯೋಜನೆ ಜಾರಿಮಾಡುವ ಟ್ರಸ್ಟಿಗೆ ಸಿಎಸ್‌ಆರ್-1 ನಮೂನೆಯ ನೋಂದಣಿ ಬೇಕು. ಕಂಪನಿಗಳು ಸಾಮಾನ್ಯವಾಗಿ ಕಟ್ಟಡ, ಶೌಚಾಲಯ, ಪ್ರಯೋಗಾಲಯಗಳಿಗೆ ಒಪ್ಪುತ್ತವೆ. ಶಿಕ್ಷಕರ ಸಂಬಳಕ್ಕೆ ಒಪ್ಪುವುದು ಅಪರೂಪ.

ನೇಮಿಸುವ ಮುನ್ನ ಶಾಲೆ ಮಾಡಿಕೊಳ್ಳಬೇಕಾದ ಸಿದ್ಧತೆ

ಜಾಹೀರಾತು ಕೊಡುವ ಮೊದಲು ಮಂಡಳಿ ತನ್ನನ್ನೇ ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಕಳೆದ ಮೂರು ವರ್ಷಗಳ ಲೆಕ್ಕ ಪರಿಶೋಧನೆ ಮುಗಿದಿದೆಯೇ, ಅದನ್ನು ಅಪರಿಚಿತ ದಾನಿಯ ಮುಂದಿಡಬಹುದೇ? ಶಾಲೆಗೆ ಬೇಕಾದದ್ದು ಏನು ಎಂಬುದರ ಬಗ್ಗೆ ಸಂಚಾಲಕರು, ಮುಖ್ಯೋಪಾಧ್ಯಾಯರು, ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷರು ಒಂದೇ ಉತ್ತರ ಕೊಡುತ್ತಾರೆಯೇ? ಒಬ್ಬರು ಸಭಾಂಗಣ ಎಂದೂ ಇನ್ನೊಬ್ಬರು ವಿದ್ಯಾರ್ಥಿವೇತನ ಎಂದೂ ಹೇಳುವ ಶಾಲೆಗೆ ಎಂಥ ಚತುರ ವ್ಯಕ್ತಿ ಬಂದರೂ ಏನೂ ಮಾಡಲಾರರು. ಮಂಡಳಿಯ ಸದಸ್ಯರು ತಾವೇ ಏನಾದರೂ ಕೊಟ್ಟಿದ್ದಾರೆಯೇ ಎಂಬುದೂ ಮುಖ್ಯವಾದ ಪ್ರಶ್ನೆ. ಮೊತ್ತ ಎಷ್ಟೇ ಚಿಕ್ಕದಿರಲಿ, ದೊಡ್ಡ ದಾನಿಗಳು ಅದನ್ನು ಕೇಳಿಯೇ ಕೇಳುತ್ತಾರೆ.

ಹಳೆಯ ದತ್ತಿ ನಿಧಿಗಳ ಕಡೆಗೂ ಒಮ್ಮೆ ನೋಡಬೇಕು. ದತ್ತಿ ನಿಧಿ ಎಂದರೆ ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಗೊತ್ತಾದ ಕಾರ್ಯಕ್ಕೆ ಬಳಸುವ ಹಣ. ಹತ್ತನೆಯ ತರಗತಿಯಲ್ಲಿ ಕನ್ನಡಕ್ಕೆ ಹೆಚ್ಚು ಅಂಕ ತೆಗೆದವರಿಗೆ ಬಹುಮಾನವೆಂದು ಯಾರದೋ ತಾಯಿಯ ಹೆಸರಿನಲ್ಲಿ ಎಂದೋ ಇಟ್ಟ ಠೇವಣಿಯ ಬಹುಮಾನ ಇಂದಿಗೂ ಕೊಡಲ್ಪಡುತ್ತಿದೆಯೇ? ನಿಂತಿದ್ದರೆ ಮೊದಲು ಅದನ್ನು ಸರಿಪಡಿಸಿ ಆ ಕುಟುಂಬಕ್ಕೆ ಪತ್ರ ಬರೆಯಬೇಕು. ಹೊಸ ದಾನಿಯನ್ನು ಹುಡುಕುವುದಕ್ಕಿಂತ ಇದು ಮುಖ್ಯ, ಅಗ್ಗವೂ ಹೌದು.

ಯಾರನ್ನು ಆರಿಸಬೇಕು

ಮಾತುಗಾರರೇ ಈ ಕೆಲಸಕ್ಕೆ ಯೋಗ್ಯರು ಎಂಬ ನಂಬಿಕೆಯನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ದಾನಿಯ ಮನೆಯಲ್ಲಿ ಕೂತು ಅವರ ಶಾಲಾದಿನಗಳ ಕತೆಯನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಬಲ್ಲವರು, ಕೇಳಿದ್ದನ್ನು ಅದೇ ಸಂಜೆ ಬರೆದಿಡುವವರು, ಕೊಟ್ಟ ಮಾತನ್ನು ದಿನಾಂಕ ಸಹಿತ ನೆನಪಿಟ್ಟುಕೊಳ್ಳುವವರು ಹೆಚ್ಚು ಉಪಯುಕ್ತರು. ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸರಳವಾಗಿ ಬರೆಯಲು ಬರಬೇಕು. ಕರಾವಳಿಯಲ್ಲಾದರೆ ಕೊಂಕಣಿ ಅಥವಾ ತುಳು ಮಾತು ಬಂದರೆ ಅರ್ಧ ಬಾಗಿಲು ತೆರೆದಂತೆ. ಅದೇ ಶಾಲೆಯ ನಿವೃತ್ತ ಶಿಕ್ಷಕಿಯೊಬ್ಬರು ಹೊರಗಿನ ಮಾರಾಟ ಪರಿಣತರಿಗಿಂತ ಚೆನ್ನಾಗಿ ಈ ಕೆಲಸ ಮಾಡಬಹುದು, ಏಕೆಂದರೆ ಅವರ ಹಳೆಯ ವಿದ್ಯಾರ್ಥಿಗಳೇ ಇಂದಿನ ದಾನಿಗಳು.

ಅವರು ಕ್ರೈಸ್ತರೇ ಆಗಿರಬೇಕೇ? ಇದನ್ನು ಪ್ರತಿ ಸಂಸ್ಥೆ ತನ್ನ ನಿಯಮಾವಳಿಯಂತೆ ತೀರ್ಮಾನಿಸಬಹುದು. ಗಮನಿಸಬೇಕಾದ ಸಂಗತಿಯೆಂದರೆ, ನಮ್ಮ ಹೆಚ್ಚಿನ ಕ್ರೈಸ್ತ ಶಾಲೆಗಳಲ್ಲಿ ಓದಿದವರಲ್ಲಿ ಹಿಂದೂ, ಮುಸ್ಲಿಂ, ಜೈನ ಕುಟುಂಬದವರು ಬಹಳ. ಶಾಲೆ ಏಕೆ ಇದೆ, ಅದರ ಕ್ರೈಸ್ತ ಸ್ವರೂಪ ಎಂದರೇನು ಎಂದು ಅವರು ಕೇಳಿದಾಗ ತಡವರಿಸದೆ, ಬಣ್ಣ ಹಚ್ಚದೆ ಉತ್ತರಿಸಬಲ್ಲವರಾಗಿರಬೇಕು. ಶಾಲೆಯ ಧಾರ್ಮಿಕ ಗುರುತನ್ನು ಕಂಪನಿಯ ಮುಂದೆ ಮುಚ್ಚಿಟ್ಟು, ಚರ್ಚಿನ ಮುಂದೆ ಮಾತ್ರ ಎತ್ತಿ ತೋರಿಸುವ ವ್ಯಕ್ತಿ ಎರಡೂ ಕಡೆ ನಂಬಿಕೆ ಕಳೆದುಕೊಳ್ಳುತ್ತಾರೆ.

ಸಂಬಳವೇ, ಕಮಿಷನ್ನೇ

"ತಂದ ಹಣದಲ್ಲಿ ಶೇಕಡಾ ಇಷ್ಟು ನಿಮಗೆ" ಎಂಬ ಏರ್ಪಾಡು ಮಂಡಳಿಗೆ ಆಕರ್ಷಕವಾಗಿ ಕಾಣುತ್ತದೆ, ಏಕೆಂದರೆ ಅದರಲ್ಲಿ ಶಾಲೆಗೆ ಅಪಾಯವಿಲ್ಲವೆನಿಸುತ್ತದೆ. ಅಮೆರಿಕದಲ್ಲಿರುವ ನಿಧಿ ಸಂಗ್ರಾಹಕರ ವೃತ್ತಿಪರ ಸಂಘದ ನೀತಿ ಸಂಹಿತೆ ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಕಾರಣ ಸರಳ: ಕಮಿಷನ್ ಮೇಲೆ ದುಡಿಯುವವರಿಗೆ ಇಂದು ಸಿಗುವ ಹತ್ತು ಸಾವಿರ, ಮೂರು ವರ್ಷ ಕಾದರೆ ಸಿಗಬಹುದಾದ ಹತ್ತು ಲಕ್ಷಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಅವರು ಒತ್ತಾಯ ಮಾಡುತ್ತಾರೆ, ದಾನಿ ಒಮ್ಮೆ ಕೊಟ್ಟು ದೂರವಾಗುತ್ತಾರೆ. ಬಡ ಮಗುವಿನ ಶುಲ್ಕಕ್ಕೆಂದು ಕೊಟ್ಟ ಹಣದಲ್ಲಿ ಒಂದು ಪಾಲು ಮಧ್ಯವರ್ತಿಯ ಜೇಬಿಗೆ ಹೋಯಿತೆಂದು ತಿಳಿದ ದಾನಿಗೆ ಏನೆನಿಸೀತು ಎಂಬುದೂ ಇದೆ. ಆದ್ದರಿಂದ ನಿಗದಿತ ಸಂಬಳವೇ ಸರಿ, ಅದು ಹಿರಿಯ ಶಿಕ್ಷಕರ ಸಂಬಳಕ್ಕೆ ಸಮನಾಗಿರಲಿ, ಕನಿಷ್ಠ ಮೂರು ವರ್ಷಗಳ ಮೊತ್ತವನ್ನು ಮೊದಲೇ ಬಜೆಟ್ಟಿನಲ್ಲಿ ತೆಗೆದಿಟ್ಟಿರಲಿ.

ಮೂರು ವರ್ಷ ಏಕೆಂದರೆ, ಅಡಿಕೆ ಸಸಿ ನೆಟ್ಟವರು ಮೊದಲ ಮಳೆಗಾಲ ಕಳೆದ ಕೂಡಲೇ ಗೊನೆ ಹುಡುಕುವುದಿಲ್ಲ. ಮೊದಲ ವರ್ಷ ಪಟ್ಟಿ ಮಾಡುವುದರಲ್ಲಿ, ಭೇಟಿಗಳಲ್ಲಿ, ಹಳೆಯ ಮಾತುಗಳನ್ನು ಸರಿಪಡಿಸುವುದರಲ್ಲಿ ಕಳೆಯುತ್ತದೆ. ಎರಡನೆಯ ವರ್ಷ ಚಿಕ್ಕ ಮೊತ್ತಗಳು ನಿಯಮಿತವಾಗಿ ಬರಲು ಶುರುವಾಗುತ್ತವೆ. ದೊಡ್ಡ ದೇಣಿಗೆಗಳು ಬರುವುದು ಆಮೇಲೆ. ಮೊದಲ ವರ್ಷದ ಕೊನೆಯಲ್ಲಿ "ಎಷ್ಟು ತಂದರು?" ಎಂದು ಮಾತ್ರ ಕೇಳುವ ಮಂಡಳಿಗೆ ನಿರಾಸೆ ಖಚಿತ. ಎಷ್ಟು ಜನರನ್ನು ಭೇಟಿಯಾದರು, ಎಷ್ಟು ಹಳೆ ವಿದ್ಯಾರ್ಥಿಗಳ ಸಂಪರ್ಕ ಮತ್ತೆ ಸಿಕ್ಕಿತು, ಕಳೆದ ವರ್ಷ ಕೊಟ್ಟವರಲ್ಲಿ ಎಷ್ಟು ಜನ ಈ ವರ್ಷವೂ ಕೊಟ್ಟರು ಎಂಬ ಪ್ರಶ್ನೆಗಳು ಹೆಚ್ಚು ಅರ್ಥಪೂರ್ಣ.

ನೇಮಿಸಿದ ಮೇಲೆ ಕೊಡಬೇಕಾದ ಬೆಂಬಲ

2013ರಲ್ಲಿ ಅಮೆರಿಕದಲ್ಲಿ 2,700ಕ್ಕೂ ಹೆಚ್ಚು ನಿಧಿ ಸಂಗ್ರಹ ಅಧಿಕಾರಿಗಳು ಮತ್ತು ಸಂಸ್ಥೆಯ ಮುಖ್ಯಸ್ಥರನ್ನು ಕೇಳಿ ನಡೆಸಿದ ಒಂದು ಅಧ್ಯಯನದಲ್ಲಿ, ಅಂಥ ಅಧಿಕಾರಿಗಳ ಪೈಕಿ ಅರ್ಧದಷ್ಟು ಮಂದಿ ಎರಡು ವರ್ಷದೊಳಗೆ ಕೆಲಸ ಬಿಡುವ ಅಂದಾಜಿನಲ್ಲಿದ್ದರು. ಅದು ಶಾಲೆಗಳಿಗೆ ಸೀಮಿತವಾದ ಅಧ್ಯಯನವಲ್ಲ, ನಮ್ಮ ದೇಶದ್ದೂ ಅಲ್ಲ. ಆದರೂ ಅದು ತೋರಿಸಿದ ತೊಡಕು ಎಲ್ಲಿಯೂ ಗುರುತು ಹಿಡಿಯುವಂಥದು. ಒಬ್ಬರನ್ನು ನೇಮಿಸಿದ ಕೂಡಲೇ ಉಳಿದವರೆಲ್ಲ ಹಣದ ಚಿಂತೆ ತಮ್ಮದಲ್ಲವೆಂದು ಕೈತೊಳೆದುಕೊಳ್ಳುತ್ತಾರೆ.

ದಾನಿಗಳಿಗೆ ಬೇಕಾದದ್ದು ಫಾದರನ್ನೋ ಸಿಸ್ಟರನ್ನೋ ಹೆಡ್‌ಮಿಸ್ಟ್ರೆಸ್ಸನ್ನೋ ಕಂಡು ಮಾತನಾಡುವುದು. ಅಧಿಕಾರಿ ಭೇಟಿ ಗೊತ್ತುಮಾಡಬಲ್ಲರು, ಆದರೆ ಶಾಲೆಯ ಪರವಾಗಿ ನಿಜವಾಗಿ ಕೇಳುವುದು ಮುಖ್ಯಸ್ಥರ ಕೆಲಸ. ವಾರದಲ್ಲಿ ಅರ್ಧ ದಿನವನ್ನಾದರೂ ಮುಖ್ಯಸ್ಥರು ಇದಕ್ಕಾಗಿ ಬಿಟ್ಟುಕೊಡಲು ಸಿದ್ಧರಿಲ್ಲದಿದ್ದರೆ ನೇಮಕವನ್ನು ಮುಂದೂಡುವುದೇ ಮೇಲು. ಜೊತೆಗೆ ರಶೀದಿ, ವಾರ್ಷಿಕ ದೇಣಿಗೆ ವಿವರ, ದಾನಿಗೆ ಕೊಡಬೇಕಾದ ಪ್ರಮಾಣಪತ್ರಗಳನ್ನು ನೋಡಿಕೊಳ್ಳಲು ಲೆಕ್ಕದ ಗುಮಾಸ್ತರ ನೆರವು ಬೇಕು. ಹಣ ಸ್ವೀಕರಿಸುವ ಕೈ ಮತ್ತು ಲೆಕ್ಕ ಬರೆಯುವ ಕೈ ಬೇರೆಬೇರೆ ಇದ್ದರೆ ಅಧಿಕಾರಿಯ ಮರ್ಯಾದೆಗೂ ರಕ್ಷಣೆ. ಪೌಲನು ತೀತನೊಬ್ಬನನ್ನೇ ಕಳುಹಿಸದಿದ್ದುದರ ಹಿಂದೆಯೂ ಇದೇ ವಿವೇಕವಿತ್ತು.

ಶಾಲೆಗಳಲ್ಲಿ ಇನ್ನೊಂದು ಚಾಳಿಯಿದೆ. ಕಚೇರಿಯಲ್ಲಿ ಒಬ್ಬರು ಬಿಡುವಾಗಿ ಕೂತಂತೆ ಕಂಡರೆ ಅವರಿಗೆ ವಾರ್ಷಿಕೋತ್ಸವದ ಆಮಂತ್ರಣ ಪತ್ರ, ಪರೀಕ್ಷಾ ಮೇಲ್ವಿಚಾರಣೆ, ಬಸ್ಸಿನ ಹೊಣೆ ಎಲ್ಲವನ್ನೂ ಹೊರಿಸಲಾಗುತ್ತದೆ. ಹುದ್ದೆಯ ಕೆಲಸಗಳನ್ನು ನೇಮಕ ಪತ್ರದಲ್ಲಿಯೇ ಬರೆದು, ಅದರಾಚೆಗಿನ ಹೊರೆ ಹೊರಿಸದಂತೆ ಸಂಚಾಲಕರು ನೋಡಿಕೊಳ್ಳಬೇಕು. ಹಾಗೆಯೇ ದಾನಿಗಳ ಪಟ್ಟಿ ಅಧಿಕಾರಿಯ ಸ್ವಂತ ಮೊಬೈಲಿನಲ್ಲಿ ಉಳಿಯದೆ ಶಾಲೆಯ ಕಂಪ್ಯೂಟರಿನಲ್ಲಿರಬೇಕು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ ಯಾರ ಮಾಹಿತಿಯನ್ನು ಯಾವ ಒಪ್ಪಿಗೆಯ ಮೇಲೆ ಇಟ್ಟುಕೊಂಡಿದ್ದೇವೆಂಬುದು ಸಂಸ್ಥೆಗೆ ಗೊತ್ತಿರಬೇಕು. ಬಡ ಮಕ್ಕಳ ಚಿತ್ರಗಳನ್ನು ಮನವಿ ಪತ್ರದಲ್ಲಿ ಹಾಕುವ ಅಭ್ಯಾಸವನ್ನು ಕೈಬಿಡುವುದು ಇನ್ನೂ ಒಳ್ಳೆಯದು. ಆ ಮಗು ನಾಳೆ ಅದೇ ಶಾಲೆಯ ಹಳೆ ವಿದ್ಯಾರ್ಥಿ.

ಪೂರ್ಣಾವಧಿ ಹುದ್ದೆ ಕೈಗೆಟುಕದ ಶಾಲೆಗಳು

ಇನ್ನೂರು ಮಕ್ಕಳಿರುವ ಹಳ್ಳಿಯ ಕನ್ನಡ ಮಾಧ್ಯಮ ಶಾಲೆ ಇಂಥ ಸಂಬಳ ಕೊಡಲಾರದು, ಕೊಡಬೇಕಾಗಿಯೂ ಇಲ್ಲ. ಒಂದೇ ಸಭೆ ಅಥವಾ ಧರ್ಮಪ್ರಾಂತ್ಯಕ್ಕೆ ಸೇರಿದ ಐದಾರು ಶಾಲೆಗಳು ಸೇರಿ ಒಬ್ಬರನ್ನು ನೇಮಿಸಿಕೊಳ್ಳಬಹುದು. ಹಾಗೆ ಮಾಡುವಾಗ ಮೂರು ಸಂಗತಿಗಳನ್ನು ಮೊದಲೇ ಬರೆದುಕೊಳ್ಳಬೇಕು: ಸಂಬಳದಲ್ಲಿ ಯಾವ ಶಾಲೆಯ ಪಾಲು ಎಷ್ಟು, ಒಂದೇ ದಾನಿಗೆ ಎರಡು ಶಾಲೆಗಳಿಂದ ಮನವಿ ಹೋಗದಂತೆ ನೋಡುವವರು ಯಾರು, ಹೆಸರಿಸಿ ಕೊಡದ ಹಣವನ್ನು ಹಂಚುವ ಅನುಪಾತ ಏನು. ಶಾಲೆಗಳು ಬೇರೆಬೇರೆ ಟ್ರಸ್ಟಿನ ಅಡಿಯಲ್ಲಿದ್ದರೆ ರಶೀದಿಯನ್ನು ಆಯಾ ಟ್ರಸ್ಟೇ ಕೊಡಬೇಕು, ಹಣ ನೇರವಾಗಿ ಅದರ ಖಾತೆಗೇ ಹೋಗಬೇಕು. ಹಂಚಿಕೊಳ್ಳಬಹುದಾದದ್ದು ಅಧಿಕಾರಿಯ ಸಮಯವನ್ನು, ದಾನಿಯ ಹಣವನ್ನಲ್ಲ. ಅದೂ ಸಾಧ್ಯವಾಗದ ಕಡೆ ಹಳೆ ವಿದ್ಯಾರ್ಥಿ ಸಂಘದ ಇಬ್ಬರು, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಲೆಕ್ಕ ಬಲ್ಲ ಪೋಷಕರೊಬ್ಬರು ಸೇರಿದ ಚಿಕ್ಕ ಸಮಿತಿ ತಿಂಗಳಿಗೊಮ್ಮೆ ಕೂತು ಪಟ್ಟಿ, ರಶೀದಿ, ಧನ್ಯವಾದ ಪತ್ರ ಇಷ್ಟನ್ನು ನೋಡಿಕೊಂಡರೆ ಆರಂಭಕ್ಕೆ ಸಾಕು. ಮುಂದೊಂದು ದಿನ ಹುದ್ದೆ ಸೃಷ್ಟಿಯಾದಾಗ ಬರುವವರಿಗೆ ಆ ಕಡತವೇ ಮೊದಲ ಬಂಡವಾಳವಾಗುತ್ತದೆ.